ಹುಸಿ ಮೀನು ಮುಳುಗುತ್ತಿದೆಯೇ, ಮಗುಚುತ್ತಿದೆಯೇ? ಮೊದಲು ಕಟ್ಟಿಗೆ ನೋಡಿ

ಮನೆಯಲ್ಲೇ ಕೆತ್ತಿದ ಲ್ಯೂರ್, ಅಂದರೆ ಮೀನನ್ನು ಸೆಳೆಯಲು ದಾರಕ್ಕೆ ಕಟ್ಟಿ ಎಳೆಯುವ ಹುಸಿ ಮೀನು, ನೀರಿನಲ್ಲಿ ಸರಿಯಾಗಿ ಓಡದಿದ್ದರೆ ಹೆಚ್ಚಿನವರು ಮೊದಲು ಬದಲಾಯಿಸುವುದು ಬಣ್ಣ. ಆಮೇಲೆ ಗಾಳ. ಆಮೇಲೆ ಮುಂದಿನ ತುಟಿ, ಅಂದರೆ ಮೈ ಕುಣಿಯಲೆಂದು ಮೂಗಿನ ಕೆಳಗೆ ಕೂರಿಸುವ ತೆಳು ಹಾಳೆ. ಕಟ್ಟಿಗೆಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ, ಯಾಕಂದ್ರೆ ಅದು ಬಣ್ಣದ ಒಳಗೆ ಮುಚ್ಚಿಹೋಗಿರುತ್ತದೆ. ಆದರೆ ಮುಳುಗುವುದು, ವಾಲುವುದು, ಬಣ್ಣ ಬಿರಿಯುವುದು, ಗಾಳವನ್ನೋ ದಾರವನ್ನೋ ಕಟ್ಟುವ ಕೊಂಡಿ ಕಿತ್ತು ಬರುವುದು, ಇವುಗಳಲ್ಲಿ ಹೆಚ್ಚಿನವು ಕಟ್ಟಿಗೆಯಿಂದಲೇ ಶುರುವಾಗುವ ದೋಷಗಳು. ಹೊರಗಿನಿಂದ ಎಷ್ಟು ತಿದ್ದಿದರೂ ಮತ್ತೆ ಬರುತ್ತವೆ.

ಇದು ಯಾದಗಿರಿ, ಕಲಬುರಗಿ, ಬೀದರ ಕಡೆ ಕೈಗೆ ಸಿಗುವ ಕಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೊರದೇಶದ ವಿಡಿಯೋ ನೋಡಿ ನಮ್ಮ ಸಾಮಿಲ್‌ನಲ್ಲಿ ಬಾಸ್‌ವುಡ್ ಎಂಬ ಅಲ್ಲಿನ ಕಟ್ಟಿಗೆ ಕೇಳಿದರೆ ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಹಿಡಿಯಬೇಕಾದ ಮೀನು ಮುಖ್ಯವಾಗಿ ಎರಡು: ಕೊರವ ಮತ್ತು ಬಾಳೆ. ಭೀಮಾ ನದಿಯ ಮಡುಗಳಲ್ಲಿ, ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ, ಭಾಲ್ಕಿ ಕಡೆಯ ಕಾರಂಜಾದಲ್ಲಿ ಇವು ಬೇಟೆಯಾಡುವ ಮೀನುಗಳು, ಓಡುವ ವಸ್ತುವಿನ ಮೇಲೆ ಬೀಳುತ್ತವೆ. ರೋಹು, ಕಾಟ್ಲಾಕ್ಕೆ ಲ್ಯೂರ್ ಕೆತ್ತಿ ಕೂರಬೇಡಿ. ಅವಕ್ಕೆ ಹಿಟ್ಟಿನ ಉಂಡೆಯೇ ಸಾಕು. ಇನ್ನೊಂದು ಮಾತು: ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೋ ಪರವಾನಗಿಗೋ ಒಳಪಟ್ಟಿರುತ್ತದೆ. ಕೇಳಿಕೊಂಡು ಗಾಳ ಹಾಕಿ.

ದೋಷ ಹುಡುಕುವ ಮೊದಲು ಎರಡು ಅಳತೆ

ಲ್ಯೂರ್ ಯಾವ ಕಟ್ಟಿಗೆಯಿಂದ ಮಾಡಿದ್ದೋ ಅದರ ಉಳಿದ ತುಂಡು ನಿಮ್ಮ ಹತ್ತಿರ ಇರಬೇಕು. ಇಲ್ಲದಿದ್ದರೆ ಅರ್ಧ ಪರೀಕ್ಷೆ ಆಗುವುದೇ ಇಲ್ಲ.

ಒಂದು, ತೂಕ. 10 ಸೆಂ.ಮೀ ಉದ್ದ, 2 ಸೆಂ.ಮೀ ಅಗಲ, 2 ಸೆಂ.ಮೀ ದಪ್ಪದ ತುಂಡು ಕತ್ತರಿಸಿ. ಅದರ ಗಾತ್ರ 40 ಘನ ಸೆಂ.ಮೀ. ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಬಂದ ಸಂಖ್ಯೆಯನ್ನು 40ರಿಂದ ಭಾಗಿಸಿ. 16 ಗ್ರಾಂ ಬಂದರೆ 0.4. 28 ಗ್ರಾಂ ಬಂದರೆ 0.7. ನೀರು 1. ಇಷ್ಟೇ ಲೆಕ್ಕ. ಸಣ್ಣ ತಕ್ಕಡಿ ಇಲ್ಲದಿದ್ದರೆ ಒಂದು ಚಪ್ಪಟೆ ತುಂಡನ್ನು ಬಕೆಟ್ ನೀರಿನಲ್ಲಿ ತೇಲಿಬಿಟ್ಟು, ನೀರು ಬಂದ ಮಟ್ಟಕ್ಕೆ ಬದಿಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. 20 ಮಿ.ಮೀ ದಪ್ಪದ ತುಂಡಿನಲ್ಲಿ 8 ಮಿ.ಮೀ ಮುಳುಗಿದ್ದರೆ ಅದೂ 0.4. ಗೆರೆ ಒಂದು ಬದಿಗೆ ಮೇಲೆ, ಇನ್ನೊಂದು ಬದಿಗೆ ಕೆಳಗೆ ಬಂದರೆ ಕಟ್ಟಿಗೆಯ ಒಂದು ಬದಿ ಭಾರ ಎಂದರ್ಥ. ಅದನ್ನು ನೆನಪಿಡಿ, ಲ್ಯೂರ್ ಒಂದೇ ಬದಿಗೆ ಎಳೆಯುವ ಮಾತು ಬಂದಾಗ ಬೇಕಾಗುತ್ತದೆ.

ಎರಡು, ಹಸಿ. ಅದೇ ತುಂಡನ್ನು ದಿನಾ ಒಂದೇ ಹೊತ್ತಿಗೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಕಟ್ಟಿಗೆ ಇನ್ನೂ ಒಣಗುತ್ತಿದೆ ಎಂದರ್ಥ. ಮೂರ್ನಾಲ್ಕು ದಿನ ಒಂದೇ ತೂಕ ನಿಂತ ಮೇಲೆ ಕೆತ್ತಲು ಕೂರಬಹುದು. ಅಂಗಡಿಯಲ್ಲೇ ನೋಡಬೇಕಾದರೆ ಬಡಿಗೇರರ ಉಪಾಯ ಇದೆ. "ಕಾಕಾ, ಇದು ಒಣಗ್ಯಾದೇನು?" ಎಂದು ಕೇಳಿದರೆ ಉತ್ತರ ಹೀಗೆ ಬರುತ್ತದೆ: "ಗಲ್ಲಕ್ಕ ಹಚ್ಚಿ ನೋಡು ತಮ್ಮಾ. ತಣ್ಣಗ ಹತ್ತಿದ್ರ ಒಳಗ ನೀರದ ಅಂತ ತಿಳಕೋ." ಎರಡು ತುಂಡು ಒಂದಕ್ಕೊಂದು ಬಡಿದರೂ ಗೊತ್ತಾಗುತ್ತದೆ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಬ್ ಎನ್ನುತ್ತದೆ. ಇದು ಒರಟು ಅಂದಾಜು. ತಕ್ಕಡಿಯ ಮಾತೇ ಕೊನೆ.

ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಹಸಿ ಕಟ್ಟಿಗೆ ಇಟ್ಟರೆ ಬೇಗ ಒಣಗುತ್ತದೆ ಎಂದು ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಹೊರಭಾಗ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ತುದಿಗಳು ಸೀಳುತ್ತವೆ. ಎರಡೂ ತುದಿಗೆ ಮೇಣವೋ ಹಳೆ ಬಣ್ಣವೋ ಬಳಿದು, ಗಾಳಿ ಆಡುವ ನೆರಳಿನಲ್ಲಿ ಇಡಿ.

ಮುಳುಗುತ್ತದೆ, ಅಥವಾ ಬಾಲ ಕೆಳಗೆ ಮಾಡಿ ನಿಲ್ಲುತ್ತದೆ

ಹೆಚ್ಚಿನವರು ಬರುವುದು ಈ ದೂರು ಹೊತ್ತುಕೊಂಡೇ. ಲೆಕ್ಕ ಹಾಕಿದರೆ ಕಾರಣ ಎದುರಿಗೇ ಕಾಣುತ್ತದೆ.

ಒಂದು ಲ್ಯೂರ್‌ನ ಗಾತ್ರ 20 ಘನ ಸೆಂ.ಮೀ ಎಂದುಕೊಳ್ಳಿ. ಅದು ಪೂರ್ತಿ ಮುಳುಗಿದಾಗ 20 ಗ್ರಾಂ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಒಟ್ಟು ತೂಕ 20 ಗ್ರಾಂ ಒಳಗಿದ್ದರೆ ತೇಲುತ್ತದೆ. ಮೂರುಮುಖದ ಎರಡು ಗಾಳ, ರಿಂಗು, ತಂತಿ, ತುಟಿ, ಬಣ್ಣ, ಎಪಾಕ್ಸಿ ಎಲ್ಲ ಸೇರಿ ಸುಮಾರು 6 ಗ್ರಾಂ ಎಂದು ಹಿಡಿಯಿರಿ.

ಕಟ್ಟಿಗೆ 0.4 ಆಗಿದ್ದರೆ ಮೈ ತೂಕ 8 ಗ್ರಾಂ. ಸಾಮಾನು ಸೇರಿ 14. ಉಳಿದದ್ದು 6 ಗ್ರಾಂ. ಅದರಲ್ಲಿ 4 ಗ್ರಾಂ ಸೀಸವನ್ನು ಹೊಟ್ಟೆಗೆ ಹಾಕಿದರೂ ಲ್ಯೂರ್ ನೆಟ್ಟಗೆ ತೇಲುತ್ತದೆ.

ಅದೇ ಲ್ಯೂರ್ ಬೇವಿನ ಕಟ್ಟಿಗೆಯದ್ದಾದರೆ? ಬೇವು 0.7ರ ಆಸುಪಾಸು. ಮೈ 14 ಗ್ರಾಂ, ಸಾಮಾನು 6 ಗ್ರಾಂ, ಒಟ್ಟು 20. ಒಂದು ಕಾಳಿನಷ್ಟು ಸೀಸ ಹಾಕುವ ಮೊದಲೇ ತೇಲುವ ಬಲ ಮುಗಿದುಹೋಯಿತು. ಇನ್ನು ನೆಟ್ಟಗೆ ನಿಲ್ಲಿಸುವುದು ಯಾವುದರಿಂದ? ಇಂಥ ಲ್ಯೂರ್‌ಗೆ ಸಣ್ಣ ಗಾಳ ಹಾಕಿ, ತೆಳ್ಳಗೆ ಬಣ್ಣ ಬಳಿದು ಬದುಕಿಸಲು ನೋಡುವವರಿದ್ದಾರೆ. ಅರ್ಧ ಗ್ರಾಂ, ಒಂದು ಗ್ರಾಂ ಉಳಿಯುತ್ತದೆ, ಅಷ್ಟೇ. ಅದಕ್ಕಿಂತ ಅದನ್ನು ಮುಳುಗುವ ಲ್ಯೂರ್ ಎಂದೇ ಒಪ್ಪಿಕೊಂಡು ಆಳದ ಮಡುವಿನಲ್ಲಿ ಬಾಳೆ ಮೀನಿಗೆ ಹಾಕುವುದು ವಾಸಿ.

ಮೈ ಗಾತ್ರ ಎಷ್ಟೆಂದು ಅಳೆಯುವುದು ಹೇಗೆ ಎಂದು ಕೇಳುತ್ತೀರಿ ಅಲ್ವಾ? ಲ್ಯೂರ್ ದುಂಡಗೆ, ಬಾಗಿ ಇರುತ್ತದೆ, ಅಳತೆಪಟ್ಟಿ ಅಲ್ಲಿ ನಡೆಯುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಮುಕ್ಕಾಲು ನೀರು ತುಂಬಿ ಡಿಜಿಟಲ್ ತಕ್ಕಡಿಯ ಮೇಲಿಡಿ. ತಕ್ಕಡಿಯನ್ನು ಸೊನ್ನೆಗೆ ತನ್ನಿ. ಗಾಳ ಹಾಕದ, ಬರೀ ಕಟ್ಟಿಗೆಯ ಮೈಯನ್ನು ಒಂದು ಗಟ್ಟಿ ಸೂಜಿಯ ತುದಿಗೆ ಚುಚ್ಚಿ ನೀರಿನೊಳಗೆ ಒತ್ತಿ. ಮೈ ಪೂರ್ತಿ ಮುಳುಗಬೇಕು, ಪಾತ್ರೆಯ ತಳಕ್ಕೂ ಗೋಡೆಗೂ ತಾಗಬಾರದು, ನಿಮ್ಮ ಬೆರಳು ನೀರಿಗೆ ಇಳಿಯಬಾರದು. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಘನ ಸೆಂ.ಮೀ ಅದರ ಗಾತ್ರ. ಆಮೇಲೆ ಮೈಯನ್ನು ಒರೆಸಿ, ಗಾಳ, ರಿಂಗು, ತುಟಿ, ಸೀಸ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ತೂಗಿ. ಗಾತ್ರದಲ್ಲಿ ಈ ತೂಕ ಕಳೆದರೆ ಉಳಿದದ್ದು ನಿಮ್ಮ ಕೈಯಲ್ಲಿರುವ ತೇಲುವ ಬಲ. ಬಣ್ಣ ಬಳಿಯುವ ಮೊದಲೇ ಗೊತ್ತಾಗುವ ಈ ಸಂಖ್ಯೆಗಾಗಿ ಕೆರೆಗೆ ಹೋಗಿ ಬರುವ ಪೆಟ್ರೋಲ್ ಯಾಕೆ ಸುಡಬೇಕು?

ಬಾಲ ಮಾತ್ರ ಕೆಳಗೆ ಹೋಗುತ್ತಿದ್ದರೆ ಮೊದಲು ಹಿಂದಿನ ಗಾಳ ಬಿಚ್ಚಿ ತೇಲಿಬಿಡಿ. ಆಗ ನೆಟ್ಟಗಾದರೆ ಗಾಳ ಭಾರ. ಗಾಳ ಬಿಚ್ಚಿದರೂ ಬಾಲ ಇಳಿದೇ ಇದ್ದರೆ ಬಾಲದ ಕಡೆಯ ಕಟ್ಟಿಗೆ ಗಟ್ಟಿ, ಅಂದರೆ ಅಲ್ಲಿ ಗಂಟು ಅಥವಾ ಚೇಗು (ಮರದ ನಡುವಿನ ಗಟ್ಟಿ ಭಾಗ) ಬಂದಿದೆ, ಇಲ್ಲವೇ ಸೀಸ ಹಿಂದೆ ಕೂತಿದೆ. ಸೀಸವನ್ನು ಒಂದಿಷ್ಟು ಮುಂದಕ್ಕೆ ಸರಿಸಿದರೆ ಸರಿಹೋಗುತ್ತದೆ. ಆದರೆ ನೀರಿನ ಮೇಲೆ ಕುಣಿಸುವ ಲ್ಯೂರ್‌ಗಳಲ್ಲಿ ಬಾಲ ಸ್ವಲ್ಪ ಇಳಿದಿರುವುದೇ ಬೇಕು. ಅದನ್ನು ದೋಷ ಎಂದು ತಿದ್ದಲು ಹೋಗಬೇಡಿ.

ಬೆಳಿಗ್ಗೆ ತೇಲುತ್ತಿತ್ತು, ಮಧ್ಯಾಹ್ನಕ್ಕೆ ಮುಳುಗಿತು

ಇದು ತೂಕದ ದೋಷ ಅಲ್ಲ, ನೀರು ಕುಡಿದ ದೋಷ. ಲ್ಯೂರ್ ಒಣಗಿದ್ದಾಗ ತೂಗಿ, ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿಟ್ಟು, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ತೂಕ ಏರಿದ್ದರೆ ಒಳಗೆ ದಾರಿ ಇದೆ.

ದಾರಿ ಎಲ್ಲಿ? ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವ ಹಾಗೆ ನೋಡಿ. ಲ್ಯೂರ್ ಪೂರ್ತಿ ಒಣಗಿದ ಮೇಲೆ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ, ಬಿರುಕು ಇದ್ದಲ್ಲಿ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಅವು ಬರುವುದು ಸಾಮಾನ್ಯವಾಗಿ ಕೊಂಡಿ ಸ್ಕ್ರೂ ತಿರುಗಿಸಿದ ತೂತಿನಿಂದ, ತುಟಿ ಕೂರಿಸಿದ ಸೀಳಿನಿಂದ, ಇಲ್ಲವೇ ಬಾಲದ ತುದಿಯಿಂದ. ಕಟ್ಟಿಗೆ ಬದಿಯಿಂದ ನೀರು ಕುಡಿಯುವುದು ಕಡಿಮೆ. ನಾರು ಕಡಿದ ತುದಿಯಿಂದ ಕುಡಿಯುವುದು ಜಾಸ್ತಿ, ಯಾಕಂದ್ರೆ ಮರ ಬದುಕಿದ್ದಾಗ ನೀರು ಏರುತ್ತಿದ್ದ ಕೊಳವೆಗಳ ಬಾಯಿ ಅಲ್ಲಿ ತೆರೆದಿರುತ್ತದೆ.

ಬೂರುಗ, ನುಗ್ಗೆಯಂಥ ಸಡಿಲ ಕಟ್ಟಿಗೆಯಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಹೊರಗೆ ಬಣ್ಣ ಎಷ್ಟು ಬಳಿದರೂ ಸಾಲದು. ತೂತು ಕೊರೆದ ಮೇಲೆ, ಸ್ಕ್ರೂ ಹಾಕುವ ಮೊದಲು, ತೂತಿನೊಳಗೇ ತೆಳ್ಳನೆ ಸೂಪರ್ ಗ್ಲೂ ಇಳಿಸಿ ಒಣಗಲು ಬಿಡಿ. ಸ್ಕ್ರೂ ತಿರುಗಿಸುವಾಗ ಎರಡು ಭಾಗದ ಎಪಾಕ್ಸಿ ಹಚ್ಚಿ. ತುಟಿಯ ಸೀಳಿಗೂ ಹೀಗೇ.

ಅಗಸೆ ಎಣ್ಣೆಯಲ್ಲಿ ನೆನೆಸುವುದು ಹಳೆಯ ಉಪಾಯ, ಒಳ್ಳೆಯದೂ ಹೌದು. ನಮ್ಮ ಕಡೆ ಅಗಸಿ ಬೆಳೆಯುತ್ತದೆ, ಗಾಣದ ಎಣ್ಣೆ ಸಿಗುತ್ತದೆ. ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿ ಪೊರೆಯಾಗುತ್ತದೆ. ಕುಸುಬಿ ಎಣ್ಣೆಯೂ ಒಣಗುತ್ತದೆ, ಆದರೆ ತೀರಾ ನಿಧಾನ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಅವುಗಳ ಮೇಲೆ ಬಣ್ಣ ನಿಲ್ಲುವುದಿಲ್ಲ. ಅಗಸೆಯದ್ದೂ ಹಸಿ ಎಣ್ಣೆಯಾದರೆ ಒಣಗಲು ವಾರಗಳೇ ಬೇಕು, ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಓಡುತ್ತದೆ, ಆದರೆ ಕುಣಿಯುವುದಿಲ್ಲ

ದಾರ ಎಳೆದರೆ ಕಡ್ಡಿಯ ಹಾಗೆ ನೇರ ಬರುತ್ತದೆ, ಮೈ ಅಲುಗುವುದಿಲ್ಲ. ತುಟಿ ಸಣ್ಣದಾದರೂ ಹೀಗಾಗುತ್ತದೆ. ಕಟ್ಟಿಗೆ ಭಾರವಾದರೂ ಹೀಗಾಗುತ್ತದೆ. ಯಾವುದು ಎಂದು ಗೊತ್ತುಮಾಡಿಕೊಳ್ಳಲು ದೊಡ್ಡ ತುಟಿಯನ್ನು ಟೇಪಿನಿಂದ ತಾತ್ಕಾಲಿಕವಾಗಿ ಕಟ್ಟಿ ಎಳೆಯಿರಿ. ಹಳೆ ಸಿಡಿಯ ತುಂಡು ಸಾಕು, ಅದು ಪಾಲಿಕಾರ್ಬೊನೇಟ್, ಕತ್ತರಿಸುವ ಮೊದಲು ಬಿಸಿ ನೀರಿನಲ್ಲಿ ಅದ್ದಿದರೆ ಸೀಳುವುದು ಕಡಿಮೆ. ದೊಡ್ಡ ತುಟಿಗೂ ಮೈ ಆಡದಿದ್ದರೆ ದೋಷ ಮೈಯಲ್ಲೇ.

ಕಾರಣ ಇಷ್ಟು. ಲ್ಯೂರ್ ಕುಣಿಯಬೇಕಾದರೆ ಮೇಲೆ ಎತ್ತುವ ಬಲ ಬೆನ್ನಿನ ಕಡೆಗೂ, ಭಾರ ಹೊಟ್ಟೆಯ ಕಡೆಗೂ ಇರಬೇಕು. ನೀರು ತುಟಿಯನ್ನು ಒಂದು ಬದಿಗೆ ತಳ್ಳಿದಾಗ ಹೊಟ್ಟೆಯ ಭಾರ ಅದನ್ನು ವಾಪಸ್ ಎಳೆಯುತ್ತದೆ, ಆಮೇಲೆ ಇನ್ನೊಂದು ಬದಿಗೆ. ಹಗುರ ಕಟ್ಟಿಗೆಯಲ್ಲಿ ಮೈ ಹಗುರ, ಭಾರವೆಲ್ಲ ಸೀಸದಲ್ಲಿ, ಸೀಸ ತಳದಲ್ಲಿ. ಭಾರದ ಕಟ್ಟಿಗೆಯಲ್ಲಿ ತೂಕ ಮೈತುಂಬ ಹರಡಿರುತ್ತದೆ. ಮೇಲೆ ಕೆಳಗೆ ಎಂಬ ಭೇದವೇ ಉಳಿಯುವುದಿಲ್ಲ, ಸೀಸಕ್ಕೆ ಜಾಗವೂ ಇರುವುದಿಲ್ಲ.

ಬಾಲ್ಸಾ ಅಷ್ಟೊಂದು ಹೆಸರು ಮಾಡಿದ್ದು ಇದಕ್ಕೇ. ಅದು 0.15ರ ಆಸುಪಾಸಿನ ಕಟ್ಟಿಗೆ. ನಮ್ಮ 20 ಘನ ಸೆಂ.ಮೀ ಲ್ಯೂರ್‌ನಲ್ಲಿ ಮೈ ಬರೀ 3 ಗ್ರಾಂ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಕೆತ್ತಿದ ತನ್ನ ಮೊದಲ ಲ್ಯೂರ್ ಕಾರ್ಕ್‌ನದ್ದು, ಬಾಲ್ಸಾ ಆಮೇಲೆ ಬಂತು. ಎರಡರ ಗುಣವೂ ಒಂದೇ: ಮೈ ಹಗುರ. ಆದರೆ ಬಾಲ್ಸಾವನ್ನು ನಮ್ಮ ಎಲ್ಲ ದೋಷಕ್ಕೂ ಮದ್ದು ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಅದು ಉಗುರಿಗೇ ಗೀರು ಬೀಳುವಷ್ಟು ಮೆದು. ಕೊರವದ ಬಾಯಲ್ಲಿ ಹಲ್ಲಿದೆ, ಕೊರವ ಇರುವುದು ಜೊಂಡು, ಕಲ್ಲು, ಮುಳುಗಿದ ಜಾಲಿ ಮುಳ್ಳಿನ ನಡುವೆ. ಅಲ್ಲಿ ಬಾಲ್ಸಾ ಲ್ಯೂರ್ ಬಹಳ ದಿನ ಬಾಳುವುದಿಲ್ಲ. ತೀರಾ ಹಗುರ ಲ್ಯೂರ್ ಎದುರುಗಾಳಿಗೆ ದೂರ ಹಾರುವುದೂ ಇಲ್ಲ. ಬಸವಸಾಗರದ ಬಯಲು ನೀರಿನ ಮೇಲೆ ಗಾಳಿ ಎದ್ದ ದಿನ ಅದು ತಿಳಿಯುತ್ತದೆ.

ಒಂದೇ ಬದಿಗೆ ಎಳೆಯುತ್ತದೆ

ಎಳೆದಾಗಲೆಲ್ಲ ಎಡಕ್ಕೋ ಬಲಕ್ಕೋ ಓಡಿ ದಡ ಸೇರುವ ಲ್ಯೂರ್. ಇದಕ್ಕೆ ಕಾರಣ ಮೂರು: ದಾರ ಕಟ್ಟುವ ಕೊಂಡಿ ಸೊಟ್ಟ, ತುಟಿ ಸೊಟ್ಟ, ಅಥವಾ ಕಟ್ಟಿಗೆಯ ಎರಡು ಬದಿ ಒಂದೇ ತೂಕದ್ದಲ್ಲ. ಮೊದಲ ಎರಡನ್ನು ಕಣ್ಣಿನಲ್ಲಿ ನೋಡಬಹುದು. ಮೂರನೆಯದನ್ನು ನಿಂತ ನೀರು ತೋರಿಸುತ್ತದೆ.

ಅಗಲ ಪಾತ್ರೆಯಲ್ಲಿ ನೀರು ತುಂಬಿ, ಅಲೆ ನಿಲ್ಲಲು ಬಿಟ್ಟು, ಲ್ಯೂರ್ ಮೆಲ್ಲಗೆ ಇಳಿಸಿ. ಎದುರಿನಿಂದ ಮೂಗಿಗೆ ಮೂಗು ಕೊಟ್ಟು ನೋಡಿ. ಬೆನ್ನಿನ ಗೆರೆ ಒಂದು ಕಡೆ ವಾಲಿದ್ದರೆ ಆ ಬದಿ ಭಾರ. ಗಾಳಗಳನ್ನು ಬಿಚ್ಚಿ ಮತ್ತೆ ನೋಡಿ. ಆಗಲೂ ಅದೇ ಕಡೆಗೆ ವಾಲಿದರೆ ಸಂಶಯವೇ ಬೇಡ, ಕಟ್ಟಿಗೆಯೇ.

ಹೀಗೆ ಯಾಕಾಗುತ್ತದೆ ಎಂದು ತುಂಡಿನ ಕಡಿದ ತುದಿ ನೋಡಿದರೆ ತಿಳಿಯುತ್ತದೆ. ಒಂದು ಬದಿಯಲ್ಲಿ ಕಪ್ಪಗಿನ ಚೇಗು, ಇನ್ನೊಂದು ಬದಿಯಲ್ಲಿ ಹೊರಗಿನ ಬಿಳಿ ಕಟ್ಟಿಗೆ. ಎರಡರ ತೂಕ ಒಂದಲ್ಲ, ನೀರು ಕುಡಿಯುವ ಗುಣವೂ ಒಂದಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್‌ನಲ್ಲಿ ಈ ಭೇದ ಬೇರೆ ಥರ. ಅಲ್ಲಿ ಬಳೆಗಳ ಹಾಗೆ ಕಾಣುವ ಗೆರೆಗಳಲ್ಲಿ ಒಂದು ಮೆದು, ಒಂದು ಗಟ್ಟಿ. ಗೆರೆಗಳು ಓರೆಯಾಗಿ ಹೋಗಿದ್ದರೆ ಎಡಬದಿಗೆ ಗಟ್ಟಿ ಗೆರೆ ಹೆಚ್ಚು ಬೀಳುತ್ತದೆ, ಬಲಬದಿಗೆ ಕಡಿಮೆ. ಹಾಗಾಗಿ ಗೆರೆಗಳು ಬೆನ್ನಿನಿಂದ ಹೊಟ್ಟೆಗೆ ನೇರವಾಗಿ ನಿಲ್ಲುವಂತೆ, ಇಲ್ಲವೇ ನಡುಗೆರೆಯ ಎರಡೂ ಕಡೆ ಒಂದೇ ಸಮ ಬಾಗುವಂತೆ ತುಂಡನ್ನು ತಿರುಗಿಸಿಕೊಂಡು ಕೆತ್ತಿ.

ಇನ್ನೂ ಗಟ್ಟಿ ಉಪಾಯ ಒಂದಿದೆ. ಕೆತ್ತುವ ಮೊದಲೇ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಪುಸ್ತಕ ಬಿಡಿಸಿದಂತೆ ಬಿಡಿಸಿ, ಒಂದೇ ತರದ ಮುಖಗಳು ಎರಡೂ ಹೊರಬದಿಗೆ ಬರುವ ಹಾಗೆ ತಿರುವಿ ಅಂಟಿಸಿ. ಆಗ ಎಡಕ್ಕೂ ಬಲಕ್ಕೂ ಒಂದೇ ಕಟ್ಟಿಗೆ ಸಿಕ್ಕಿತು. ಅಂಟಿಸುವ ಮೊದಲು ಒಳಮುಖದಲ್ಲಿ ಸಣ್ಣ ಗೀರು ಕೊರೆದು, ಮೂಗಿನಿಂದ ಬಾಲದವರೆಗೆ ಒಂದೇ ಸ್ಟೀಲ್ ತಂತಿ ಕೂರಿಸಿದರೆ ಕೊಂಡಿ ಕಿತ್ತು ಬರುವ ರೋಗಕ್ಕೂ ಅಲ್ಲೇ ಮದ್ದಾಯಿತು. ಒಳಮುಖ ಸಮ ಮಾಡಲು ನಮ್ಮ ಮನೆಗಳಲ್ಲಿ ಶಹಾಬಾದ್ ಪರಸಿ (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ಇದ್ದೇ ಇರುತ್ತದೆ. ಪಾಲಿಶ್ ಪೇಪರನ್ನು ಪರಸಿಯ ಮೇಲೆ ಮಲಗಿಸಿ, ಕಟ್ಟಿಗೆಯನ್ನು ಅದರ ಮೇಲೆ ಉಜ್ಜಿ. ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ದುಂಡಗಾಗಿ ನಡುವೆ ಸಂದು ಉಳಿಯುತ್ತದೆ. ಅಂಟಿಗೆ ಎಪಾಕ್ಸಿ ಇಲ್ಲವೇ ನೀರು ತಡೆಯುವ ಗೋಂದು ಇರಲಿ. ಸಾದಾ ಬಿಳಿ ಗೋಂದು ನೀರಿನಲ್ಲಿ ಮೆತ್ತಗಾಗುತ್ತದೆ.

ಈಗಾಗಲೇ ಬಣ್ಣ ಬಳಿದು ಮುಗಿದ ಲ್ಯೂರ್ ಆದರೆ ಕೊಂಡಿ ಬಾಗಿಸಿ ಸರಿಮಾಡಿಕೊಳ್ಳಬಹುದು. ಹಿಂದಿನಿಂದ ನೋಡಿದಾಗ ಎಡಕ್ಕೆ ಓಡುತ್ತಿದ್ದರೆ ದಾರದ ಕೊಂಡಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ. ಎಳೆದು ನೋಡಿ. ಬೇಕಾದರೆ ಇನ್ನೊಂದಿಷ್ಟು. ಕಟ್ಟಿಗೆ ವಾಲುತ್ತಿದ್ದರೆ ಈ ತಿದ್ದುಪಡಿ ನಿಧಾನ ಎಳೆದಾಗ ಮಾತ್ರ ಕೆಲಸ ಮಾಡುತ್ತದೆ. ಜೋರಾಗಿ ಎಳೆದರೆ ಮತ್ತೆ ತನ್ನ ಬದಿಗೇ ಓಡುತ್ತದೆ.

ಗಿರಗಿರ ತಿರುಗುತ್ತದೆ

ಸೀಸ ಕಡಿಮೆಯಾಗಿದೆ, ಇಲ್ಲವೇ ಮೇಲೆ ಕೂತಿದೆ. ಹೊಟ್ಟೆಯ ಗಾಳದ ಕಾಲಿಗೆ ಸೋಲ್ಡರ್ ತಂತಿ ಸುತ್ತಿ ಎಳೆದು ನೋಡಿ. ತಿರುಗುವುದು ನಿಂತರೆ ಅಷ್ಟೇ ತೂಕದ ಸೀಸವನ್ನು ಹೊಟ್ಟೆಗೆ ಸೇರಿಸಿ. ತೂತಿನೊಳಗೆ ಕರಗಿದ ಸೀಸ ಸುರಿಯುವುದು ಬೇಡ. ಕಟ್ಟಿಗೆಯಲ್ಲಿ ಹಸಿ ಇದ್ದರೆ ಆವಿ ಎದ್ದು ಸೀಸ ಮುಖಕ್ಕೆ ಸಿಡಿಯುತ್ತದೆ. ತಣ್ಣನೆ ಸೀಸದ ತುಂಡನ್ನೇ ಬಡಿದು ಕೂರಿಸಿ, ಮೇಲೆ ಎಂ-ಸೀಲ್ ಒತ್ತಿ. ಸೀಸ ಮುಟ್ಟಿದ ಕೈ ತೊಳೆದು ಊಟಕ್ಕೆ ಕೂರಿ, ಮಕ್ಕಳ ಕೈಗೆ ಕೊಡಬೇಡಿ.

ಬಣ್ಣ ಬಿರುಕು, ಗುಳ್ಳೆ, ಪೊರೆ

ಮೂರೂ ಬೇರೆ ಬೇರೆ ರೋಗ.

ಉದ್ದುದ್ದ ಬಿರುಕು, ಅದೂ ನಾರಿನ ದಿಕ್ಕಿಗೇ ಬಂದರೆ ಕಟ್ಟಿಗೆ ಹಿಗ್ಗಿದೆ ಅಥವಾ ಕುಗ್ಗಿದೆ. ಮೇ ತಿಂಗಳ ಒಣ ಹವೆಯಲ್ಲಿ ಬಣ್ಣ ಬಳಿದ ಲ್ಯೂರ್ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಹಸಿ ಕಟ್ಟಿಗೆಗೆ ಬಣ್ಣ ಬಳಿದಿದ್ದರೆ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೇ ಹಿಗ್ಗುವುದು. ಬಿರುಕು ಉದ್ದಕ್ಕೇ ಬೀಳುವುದು ಅದಕ್ಕೇ. ತೂಕ ನಿಂತ ಕಟ್ಟಿಗೆ, ಬಣ್ಣಕ್ಕೆ ಮೊದಲು ಕಟ್ಟಿಗೆಯ ರಂಧ್ರ ಮುಚ್ಚಲು ಬಳಿಯುವ ಸೀಲರ್‌ನ ಎರಡು ಮೂರು ತೆಳು ಕೈ, ಇವೆರಡಿದ್ದರೆ ಇದು ಬರುವುದಿಲ್ಲ.

ಗುಳ್ಳೆ ಬಂದರೆ ಲ್ಯೂರ್ ಎಲ್ಲಿಟ್ಟಿದ್ದಿರಿ ಎಂದು ಮೊದಲು ನೆನಪಿಸಿಕೊಳ್ಳಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ನಮ್ಮಲ್ಲಿ 60 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಸಡಿಲ ಕಟ್ಟಿಗೆಯ ರಂಧ್ರಗಳಲ್ಲಿ ಸಿಕ್ಕಿದ ಗಾಳಿ ಹಿಗ್ಗುತ್ತದೆ, ಅದೇ ಹೊತ್ತಿಗೆ ಎಪಾಕ್ಸಿ ಮೆತ್ತಗಾಗುತ್ತದೆ. ಕಪ್ಪು ಬೆನ್ನಿನ ಲ್ಯೂರ್‌ಗಳಲ್ಲಿ ಇದು ಬೇಗ. ಹಗುರ ಕಟ್ಟಿಗೆ ಬಳಸುವವರು ಮೊದಲ ಸೀಲರ್ ತೀರಾ ತೆಳ್ಳಗೆ ಮಾಡಿ ಒಳಗೆ ಇಳಿಯುವಂತೆ ಬಳಿಯಬೇಕು. ದಪ್ಪಗೆ ಬಳಿದರೆ ಮೇಲೆ ಪೊರೆ ಮಾತ್ರ ಆಗುತ್ತದೆ.

ಬಣ್ಣ ಹಾಳೆ ಹಾಳೆಯಾಗಿ ಎದ್ದು ಬಂದು, ಕೆಳಗಿನ ಕಟ್ಟಿಗೆ ಜಿಡ್ಡು ಜಿಡ್ಡಾಗಿ ಕಂಡರೆ ಅದು ಬಹುಶಃ ಸಾಗವಾನಿ. ಕೆಡವಿದ ಹಳೆ ಮನೆಯ ಬಾಗಿಲು, ಚೌಕಟ್ಟಿನ ಸಾಗವಾನಿ ಚೆನ್ನಾಗಿ ಒಣಗಿರುತ್ತದೆ ಎಂದು ಹಲವರು ತರುತ್ತಾರೆ. ಒಣಗಿರುವುದು ನಿಜ. ಅದರೊಳಗಿನ ಎಣ್ಣೆ ಹೋಗಿರುವುದಿಲ್ಲ. ಪೇಪರ್ ಉಜ್ಜಿದ ಕೂಡಲೇ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ತಕ್ಷಣ ಸೀಲರ್ ಬಳಿಯಿರಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಕೊಂಡಿ ಕಿತ್ತು ಬಂತು, ಮೂಗು ಮುರಿಯಿತು

ಮೂಗು ಮುರಿದ ಜಾಗ ನೋಡಿ. ನಾರು ಓರೆಯಾಗಿ ಕಡಿದಿದ್ದರೆ ಕೆತ್ತುವಾಗ ನಾರಿನ ದಿಕ್ಕು ನೋಡಿಲ್ಲ. ನಾರು ಮೂಗಿನಿಂದ ಬಾಲಕ್ಕೆ ನೇರ ಓಡಬೇಕು. ರಂದಾ ಹೊಡೆದಾಗ ಹೊಟ್ಟು ಉದ್ದ ಸುರುಳಿಯಾಗಿ ಬಂದರೆ ದಿಕ್ಕು ಸರಿ. ಚೂರು ಚೂರಾಗಿ ಎದ್ದು ಬಂದರೆ ತಪ್ಪು.

ಕೊಂಡಿ ಬಂದ ತೂತಿನಲ್ಲಿ ಪುಡಿ ಕಂಡರೆ ಕಟ್ಟಿಗೆ ಮೆದು. ಮೂಗು ಮತ್ತು ಬಾಲದಲ್ಲಿ ಸ್ಕ್ರೂ ನಾರಿನ ಉದ್ದಕ್ಕೇ ಇಳಿಯುತ್ತದೆ. ಅಲ್ಲಿ ಹಿಡಿತ ಹೊಟ್ಟೆಗಿಂತ ಕಡಿಮೆ. 0.35ಕ್ಕಿಂತ ಹಗುರ ಕಟ್ಟಿಗೆಯಲ್ಲಿ ಬರೀ ಸ್ಕ್ರೂ ನಂಬಬೇಡಿ, ಒಳತಂತಿಯೇ ಬೇಕು. ದೊಡ್ಡ ಬಾಳೆ ಮೀನು ಬಿದ್ದಾಗ ಸ್ಕ್ರೂ ಕಿತ್ತು ಬಂದರೆ ಗಾಳ ಅದರ ಬಾಯಲ್ಲೇ ಉಳಿಯುತ್ತದೆ. ಅದು ನಮಗೂ ನಷ್ಟ, ಮೀನಿಗೂ ಹಿಂಸೆ.

ಪೆಟ್ಟಿಗೆಯಲ್ಲಿಟ್ಟ ಲ್ಯೂರ್ ಕೆಳಗೆ ಹಿಟ್ಟಿನಂಥ ಪುಡಿ, ಮೈಮೇಲೆ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಹುಳ ಬಿದ್ದಿದೆ. ಬೂರುಗ, ಮಾವಿನ ಬಿಳಿ ಕಟ್ಟಿಗೆಯಲ್ಲಿ ಸಾಮಾನ್ಯ. ಅದನ್ನು ಉಳಿಸಲು ಹೆಣಗಬೇಡಿ, ಒಲೆಗೆ ಹಾಕಿ. ಪಕ್ಕದಲ್ಲಿದ್ದ ತುಂಡುಗಳನ್ನೂ ನೋಡಿ.

ಹಾಗಾದರೆ ಯಾವ ಕಟ್ಟಿಗೆ?

ಜಾಲಿ, ಹುಣಸೆ ಬೇಡವೇ ಬೇಡ, ಉಳಿಗೂ ಬಗ್ಗುವುದಿಲ್ಲ, ನೀರಿಗೂ ಬಗ್ಗುವುದಿಲ್ಲ. ತೊಗರಿ ಕಟ್ಟಿಗೆ ಕಲಬುರಗಿಯಲ್ಲಿ ರಾಶಿ ರಾಶಿ ಸಿಗುತ್ತದೆ, ಒಲೆಗೇ ಸರಿ. ಬೆಂಡು ತೇಲುಬುರುಡೆಗೆ ಚೆನ್ನ, ಗಾಳ ಹೊರುವ ಶಕ್ತಿ ಅದಕ್ಕಿಲ್ಲ. ಬೇವು, ಸಾಗವಾನಿ, ಮಾವು ಇವು 0.6 ದಾಟುವ ಕಟ್ಟಿಗೆ. ಇವುಗಳಲ್ಲಿ ತುಟಿಯಿಲ್ಲದ, ನೀರಿನ ಮೇಲೆ ಚಿಮ್ಮಿಸುವ ದಪ್ಪ ಲ್ಯೂರ್ ಮಾಡಬಹುದು. ದೂರ ಹಾರುತ್ತದೆ, ಮುಳ್ಳಿಗೆ ತಾಗಿದರೂ ಏನೂ ಆಗುವುದಿಲ್ಲ. ಆದರೆ ಮೈ ದೊಡ್ಡದಿರಲಿ, ಗಾಳ ಸಣ್ಣದಿರಲಿ.

ತೆಲಂಗಾಣದ ನಿರ್ಮಲ್ ಆಟಿಕೆಗಳಿಗೆ ಬಳಸುವ ಪೊನಿಕಿ ಕಟ್ಟಿಗೆ ತುಂಬ ಹಗುರ, ಕೆತ್ತಲು ಬೆಣ್ಣೆ. ಆ ಆಟಿಕೆಗಳಿಗೆ ಹಚ್ಚುವ ಹುಣಸೆ ಬೀಜದ ಅಂಟನ್ನು ಮಾತ್ರ ಅನುಕರಿಸಬೇಡಿ, ಅದು ನೀರಿಗೆ ಬಿದ್ದರೆ ಕರಗುತ್ತದೆ. ಕಟ್ಟಿಗೆ ಹುಡುಕಿಕೊಂಡು ಚಿಂಚೋಳಿ ಕಾಡಿಗೆ ಕೊಡಲಿ ಹಿಡಿದು ಹೋಗುವುದಂತೂ ಬೇಡ, ಅದು ವನ್ಯಜೀವಿ ಧಾಮ.

ಶಿವನಿ ಸಿಕ್ಕರೆ ಬಿಡಬೇಡಿ. 0.45ರ ಆಸುಪಾಸು, ಹಿಗ್ಗುವುದು ಕುಗ್ಗುವುದು ಕಡಿಮೆ, ಸ್ಕ್ರೂ ಹಿಡಿಯುತ್ತದೆ. ಹೆಬ್ಬೇವನ್ನು ಈಗ ಹೊಲದ ಬದುವಿನಲ್ಲಿ ಬೆಳೆಯುವವರಿದ್ದಾರೆ, ಪ್ಲೈವುಡ್‌ಗೆ ಹೋಗುವ ಮರ. ಕೊಂಬೆ ಕಡಿದಾಗ ಕೇಳಿದರೆ ಕೊಡುತ್ತಾರೆ. ಅದೂ ಹಗುರ, ಆದರೆ ಎಳೆಯ ಮರದ ಕಟ್ಟಿಗೆ ಒಂದು ತುಂಡಿದ್ದಂತೆ ಇನ್ನೊಂದು ಇರುವುದಿಲ್ಲ, ಪ್ರತಿ ತುಂಡನ್ನೂ ತೂಗಲೇಬೇಕು.

ಹೊಸದಾಗಿ ಶುರುಮಾಡುವವರಿಗೆ ನನ್ನ ಮತ ಪ್ಯಾಕಿಂಗ್ ಪೆಟ್ಟಿಗೆಯ ಪೈನ್‌ಗೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಯಂತ್ರಗಳ ಬಿಡಿಭಾಗ ಇಂಥ ಪೆಟ್ಟಿಗೆಗಳಲ್ಲೇ ಬರುತ್ತವೆ. ಹಳೆ ಪೆಟ್ಟಿಗೆ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. 0.45ರಿಂದ 0.5 ತೂಗುತ್ತದೆ, ಒಣಗಿರುತ್ತದೆ. ಹೊರದೇಶದಿಂದ ಬಂದ ಪೆಟ್ಟಿಗೆಯ ಹಲಗೆ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದ ಕಟ್ಟಿಗೆ, ಧೈರ್ಯವಾಗಿ ತನ್ನಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಕೆತ್ತಿ ಪುಡಿ ಉಸಿರಾಡುವುದು ಬೇಡ. ಗಂಟು, ಮೊಳೆಯ ತೂತು ಇರುವ ಭಾಗ ಕತ್ತರಿಸಿ ಎಸೆಯಿರಿ. ಮೊಳೆ ಮುರಿದು ಒಳಗೆ ಉಳಿದಿದ್ದರೆ ಅಯಸ್ಕಾಂತ ಆಡಿಸಿ ಹುಡುಕಿ, ಇಲ್ಲದಿದ್ದರೆ ರಂದಾದ ಬ್ಲೇಡ್ ಹೋಗುತ್ತದೆ.

ಲ್ಯೂರ್ ಜೊಂಡಿಗೆ ಸಿಕ್ಕಿಕೊಂಡರೆ ಕೃಷ್ಣೆಯಲ್ಲಿ ನೀರಿಗಿಳಿದು ಬಿಡಿಸಲು ಹೋಗಬೇಡಿ, ಅಲ್ಲಿ ಮೊಸಳೆಗಳಿವೆ. ದಾರ ಕತ್ತರಿಸಿ, ಇನ್ನೊಂದು ಕೆತ್ತಿ. ಹಾಗೆ ಕೆತ್ತುವಾಗ ಸೀಲರ್ ಬಳಿಯುವ ಮೊದಲು ಹೊಟ್ಟೆಯ ಮೇಲೆ ಪೆನ್ಸಿಲಿನಿಂದ ಕಟ್ಟಿಗೆಯ ಹೆಸರು, ಮೈ ತೂಕ, ಸೀಸದ ತೂಕ ಬರೆದಿಡಿ, ಅದನ್ನೇ ಒಂದು ನೋಟ್‌ಬುಕ್ಕಿಗೂ ಇಳಿಸಿ. ಪೆನ್ನು ಬೇಡ, ಥಿನ್ನರ್ ತಾಗಿದರೆ ಶಾಯಿ ಹರಡಿ ಬಣ್ಣದ ಮೇಲೆ ಬರುತ್ತದೆ.